ಹಳೇ ಹಾಡುಗಳ ಹಡಗಿಗೆ ಮನೆ ನೋಡಲು ಹೋದದ್ದು

ಹಡಗಿನ ಮಾತು ಮೊದಲು ಬಂದದ್ದು ಶಿಡ್ಲಘಟ್ಟದಲ್ಲಿ, ಅಕ್ಕನ ಮನೆಯ ಹಜಾರದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಎಂದು ನನ್ನ ನೆನಪು. ಅಕ್ಕ ಶನಿವಾರ ಎನ್ನುತ್ತಾಳೆ. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಬಹುಕಾಲ ಇತಿಹಾಸ ಹೇಳಿಕೊಟ್ಟವನು. ಒಂದೇ ಘಟನೆಯನ್ನು ಇಬ್ಬರು ಸಾಕ್ಷಿಗಳು ಬೇರೆ ಬೇರೆಯಾಗಿ ಹೇಳುತ್ತಾರೆ ಎಂದು ಪಾಠ ಮಾಡಿ ಮಾಡಿ, ಕೊನೆಗೆ ನನ್ನ ನೆನಪನ್ನೇ ಕಟಕಟೆಯಲ್ಲಿ ನಿಲ್ಲಿಸುವ ಚಟ ಹತ್ತಿಕೊಂಡಿತು. ಆದ್ದರಿಂದ ವಾರದ ವಿಷಯ ಬಿಡೋಣ. ಊಟವಾಗಿತ್ತು, ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನುಗಳು ಓಡುತ್ತಿದ್ದವು, ಅಕ್ಕನ ದೊಡ್ಡ ಮಗ ತನ್ನ ಮೊಬೈಲನ್ನು ಅವಳ ಕೈಗೆ ಕೊಟ್ಟ. ಇಷ್ಟರಲ್ಲಿ ಇಬ್ಬರಿಗೂ ಒಮ್ಮತವಿದೆ.

ಮೊಬೈಲಿನಲ್ಲಿದ್ದದ್ದು ಒಂದು ಜಾಹೀರಾತು. ಚೆನ್ನೈ ಬಂದರಿನಿಂದ ಹೊರಟು ಕೆಲವು ದಿನ ಸಮುದ್ರದಲ್ಲಿ ಸುತ್ತಿ ಬರುವ ಹಡಗು. ಅಂಥವು ಬೇಕಾದಷ್ಟಿವೆ, ಆದರೆ ಇದು ಬರೀ ಹಳೇ ಸಿನಿಮಾ ಹಾಡುಗಳ ಹಡಗು. ಸಂಜೆಯಾದರೆ ಮೇಲಿನ ಅಂತಸ್ತಿನಲ್ಲಿ ವಾದ್ಯದವರು, ಹಾಡಲು ಬಯಸುವ ಪ್ರಯಾಣಿಕರಿಗೆ ಮೈಕು, ಒಂದು ದಿನ ಎಲ್ಲರೂ ಹಳೇ ಕಾಲದ ವೇಷದಲ್ಲಿ ಬರಬೇಕು. "ನಿಮ್ಮೊಳಗಿನ ಗಾಯಕರಿಗೆ ಅಲೆಗಳ ಮೇಲೊಂದು ವೇದಿಕೆ" ಎಂದು ಬರೆದಿತ್ತು. ಗಂಡುಮಕ್ಕಳಿಬ್ಬರೂ ಸೇರಿ ಅಕ್ಕನನ್ನು ಇದಕ್ಕೆ ಕಳಿಸಬೇಕೆಂದುಕೊಂಡಿದ್ದರು. ಭಾವ ತಿರುಪತಿ ಬಿಟ್ಟರೆ ಬೇರೆಲ್ಲೂ ರಾತ್ರಿ ತಂಗುವವರಲ್ಲ. ಜೊತೆಗೆ ಹೋಗುವ ಕೆಲಸ ನಿವೃತ್ತನಾದ ನನ್ನ ಪಾಲಿಗೆ ಬಂತು.

ಅಕ್ಕ ಮೊಬೈಲನ್ನು ದೂರ ಹಿಡಿದು ನೋಡಿದಳು. "ಈ ವಯಸ್ಸಲ್ಲಿ ಎರಡು ಜಡೆ ಹಾಕ್ಕೋಬೇಕಾ?" ಎಂದಳು. ಸೊಸೆಯಂದಿರು ನಕ್ಕರು. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಓದಿರೋನು. ಇದು ನನಗೆ ಆಗ್ಬರುತ್ತಾ ಇಲ್ವಾ ಅಂತ ನೋಡಿ ಹೇಳು. ಹಾಡೋ ಜಾಗ ಆದ್ರೆ ಬರ್ತೀನಿ. ನಗಿಸ್ಕೊಳ್ಳೋ ಜಾಗಕ್ಕೆ ಬರಲ್ಲ" ಎಂದಳು.

ಈ ಮಾತಿನ ಹಿಂದೆ ಏನಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಕ್ಕನದು ದೊಡ್ಡ ಗಂಟಲು. ಮದುವೆಯಾಗಿ ಬಂದಾಗಿನಿಂದ ಆ ಶೆಡ್ಡಿನಲ್ಲಿ ನಿಂತು, ಮಿಷನ್ನುಗಳ ಸದ್ದನ್ನು ಮೀರಿಸಿ ಹಾಡುತ್ತಾ ಕೆಲಸ ಮಾಡಿದವಳು. ಅಲ್ಲಿ ಮೆಲ್ಲಗೆ ಹಾಡಿದರೆ ಹಾಡಿದವರಿಗೇ ಕೇಳಿಸುವುದಿಲ್ಲ. ಅದೇ ಗಂಟಲನ್ನು ಮನೆಯ ಸಮಾರಂಭಗಳಿಗೆ ತಂದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೊಮ್ಮಗಳ ತೊಟ್ಟಿಲು ಶಾಸ್ತ್ರದ ದಿನ ಅವಳು ಹಾಡಲು ಎದ್ದಾಗ ಬೀಗರ ಕಡೆಯ ಒಬ್ಬರು, "ಅಮ್ಮಾ, ಈಗ ತಾನೆ ಮಗು ಮಲಗಿದೆ, ನೀವು ಹಾಡಿದ್ರೆ ಊರೇ ಎದ್ದುಬಿಡುತ್ತೆ" ಎಂದರು. ಇಡೀ ಮನೆ ನಕ್ಕಿತು. ಅಕ್ಕನೂ ನಕ್ಕು ಕೂತುಬಿಟ್ಟಳು. ಆಮೇಲೆ ಅವಳು ಯಾರ ಮುಂದೆಯೂ ಹಾಡಿದ್ದನ್ನು ನಾನು ಕಾಣೆ.

ನಾನು ನನ್ನ ರೀತಿಯಲ್ಲಿ ನೋಡಲು ಕೂತೆ. ಹೋಗಿಬಂದವರು ಇಂಟರ್‌ನೆಟ್ಟಿನಲ್ಲಿ ಬರೆದದ್ದನ್ನೆಲ್ಲ ಓದಿದೆ. ಅರ್ಧ ಜನ ಸ್ವರ್ಗ ಎಂದಿದ್ದರು, ಇನ್ನರ್ಧ ಜನ ನರಕ. ವಿಚಿತ್ರವೆಂದರೆ ಇಬ್ಬರೂ ಹೇಳುತ್ತಿದ್ದದ್ದು ಅದೇ ಊಟ, ಅದೇ ಕೋಣೆ, ಅದೇ ಹಾಡುಗಳ ಬಗ್ಗೆ. ಓದುತ್ತಾ ಹೋದಂತೆ ಹಡಗಿಗಿಂತ ಬರೆದವರ ಸ್ವಭಾವವೇ ಹೆಚ್ಚು ತಿಳಿಯಿತು. ಇದರ ಜೊತೆಗೆ ನನ್ನದೇ ಒಂದು ಅಳುಕು. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಬಸ್ಸಿನಲ್ಲಿ ಕೂತರೂ ಬೇಸರವಾದಾಗ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಿನ ಬಸ್ಸು ಹತ್ತುವವನು. ನಡುವೆ ಇಳಿಯಲಾಗದ ವಾಹನದಲ್ಲಿ ಹಳೇ ಹಾಡು ಕೇಳುತ್ತಾ ಕೂರುವುದನ್ನು ನೆನೆದರೆ ಕಾಲು ತುರಿಸುತ್ತಿತ್ತು. ಹೀಗಾಗಿ ನನ್ನ ತೀರ್ಮಾನ ಬೇಗ ಹುಟ್ಟಿತು. ಅಕ್ಕನಿಗೆ ಫೋನು ಮಾಡಿ, ಜಾಹೀರಾತನ್ನು ನಂಬುವ ಹಾಗಿಲ್ಲ, ಹೊಗಳಿದವರನ್ನೂ ನಂಬುವ ಹಾಗಿಲ್ಲ, ಬೇಡ ಎಂದೆ.

"ಹೊಗಳಿದೋರನ್ನ ಕೇಳು ಅಂತ ಯಾರು ಹೇಳಿದ್ರು ನಿನಗೆ?" ಎಂದಳು ಅಕ್ಕ. "ಒಂದು ಸಂಬಂಧ ಬಂದ್ರೆ ನಾವೇನು ಮಾಡ್ತೀವಿ? ಮನೆ ನೋಡೋಕೆ ಹೋದಾಗ ಯಾರನ್ನ ಕೇಳ್ತೀವಿ?"

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೇಳದೆ ಕೇಳದೆ ಹೋಗುವವರು ಈಗಲೂ ಇದ್ದಾರೆ. ಅಕ್ಕ ಅದರಲ್ಲಿ ಪಳಗಿದ ಕೈ. ನಂಟರಿಷ್ಟರ ಎಷ್ಟೋ ಸಂಬಂಧಗಳನ್ನು ಅವಳು ಹೀಗೆ ಹೋಗಿ ನೋಡಿಯೇ ಕುದುರಿಸಿದ್ದಾಳೆ, ಕೆಲವನ್ನು ಮುರಿಸಿಯೂ ಇದ್ದಾಳೆ. ಅವಳ ಕ್ರಮವೆಂದರೆ ಆ ಮನೆಯ ಸ್ನೇಹಿತರನ್ನು ಮಾತನಾಡಿಸುವುದೇ ಇಲ್ಲ. ಆ ಮನೆಯವರಿಗೆ ಆಗದವರನ್ನು ಹುಡುಕುತ್ತಾಳೆ. ಬದುವಿನ ಜಗಳದವರು, ಮಾತು ಬಿಟ್ಟ ಪಕ್ಕದ ಮನೆಯವರು. ಅವರು ಬಾಯ್ತುಂಬ ಬೈದರೆ ಅವಳಿಗೆ ನೆಮ್ಮದಿ. ಜಿಪುಣರು ಎಂದು ಬೈದರೆ ಕೂಡಿಟ್ಟಿದ್ದಾರೆ ಎಂದರ್ಥ. ಸೊಸೆಯನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ ಎಂದು ಬೈದರೆ ಅಲ್ಲಿಗೆ ಹೆಣ್ಣು ಕೊಡಬಹುದು. ಆಗದವರೂ ಬಾಯಿಬಿಡದೆ ಸುಮ್ಮನಾದರೆ ಮಾತ್ರ ಅಲ್ಲಿಂದ ಎದ್ದು ಬರಬೇಕು. ಈ ಸಂಶೋಧನಾ ವಿಧಾನದಲ್ಲಿ ನನಗೆ ದೋಷ ಕಾಣಲಿಲ್ಲ. ಬೈದವರನ್ನೇ ಹುಡುಕೋಣ ಎಂದು ಒಪ್ಪಿದೆ.

ಟಿಕೆಟ್ ಮಾಡಿಸುವ ಟ್ರಾವೆಲ್ಸ್ ಕಚೇರಿ ಇದ್ದದ್ದು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ. ಅದನ್ನು ನಡೆಸುತ್ತಿದ್ದ ಹೆಂಗಸಿನ ಮುಂದೆ ಅಕ್ಕ ಕೂತು, "ಈ ಹಡಗಲ್ಲಿ ಹೋಗ್ಬಂದು ನಿಮ್ಮ ಮೇಲೆ ಜಗಳ ಆಡಿದೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ಆಕೆ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ದುಬೈ ಚಿತ್ರ ನೋಡಿದೆ. ಖುಷಿಯಾಗಿ ಬಂದವರ ನಂಬರು ಬೇಕಾದಷ್ಟು ಕೊಡುತ್ತೇನೆ ಎಂದರು. ಅಕ್ಕ ಬೇಡವೆಂದಳು. ಬಹಳ ಹೊತ್ತಿನ ಮೇಲೆ ಆಕೆ, "ಚಿಂತಾಮಣೀಲಿ ಒಬ್ರು ಸಂಗೀತದ ಮೇಷ್ಟ್ರಮ್ಮ ಇದಾರೆ. ಇವತ್ತಿಗೂ ದಾರೀಲಿ ಸಿಕ್ಕಿದ್ರೆ ಮುಖ ತಿರುಗಿಸ್ಕೋತಾರೆ. ನನ್ನ ಹೆಸರು ಹೇಳ್ಬೇಡಿ" ಎಂದರು.

ಚಿಂತಾಮಣಿಗೆ ಹೋದ ದಿನ ನಡೆದ ಎಡವಟ್ಟು ನಮ್ಮಂಥವರಿಂದ ಮಾತ್ರ ಆಗುವಂಥದ್ದು. ಅಕ್ಕನಿಗೆ ಮನೆ ನೋಡುವ ಅಭ್ಯಾಸ ಮೈಗಂಟಿದೆ. ಬೀದಿಯ ತುದಿಯ ಅಂಗಡಿಯಲ್ಲಿ ಮನೆ ಯಾವುದೆಂದು ಕೇಳಿದವಳು ಅಷ್ಟಕ್ಕೇ ನಿಲ್ಲಿಸದೆ, "ಜನ ಹೇಗೆ?" ಎಂದೂ ಕೇಳಿದಳು. ಪಕ್ಕದ ಮನೆಯ ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರನ್ನೂ ಮಾತನಾಡಿಸಿದಳು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಮೇಷ್ಟ್ರಮ್ಮ ಒಳ್ಳೆಯ ಸೀರೆಯುಟ್ಟು ನಿಂತಿದ್ದರು. ಕುರ್ಚಿಗಳನ್ನು ಒರೆಸಿ ಹಾಕಿತ್ತು.

"ಬನ್ನಿ, ಬನ್ನಿ, ಕೂತ್ಕೊಳ್ಳಿ. ನೀರು ತಗೊಳ್ಳಿ" ಎಂದರು. ಅಕ್ಕ ನೀರು ಕುಡಿದು, "ಬೋರಿನ ನೀರಾ?" ಎಂದಳು. "ಎರಡೂ ಇದೆಯಮ್ಮ. ನಲ್ಲೀದು ಬೇರೆ ಬರುತ್ತೆ. ಹಿತ್ತಲು ನೋಡ್ತೀರಾ?" ಎಂದರು ಅವರು. ಅಕ್ಕ ಎದ್ದು ಹಿತ್ತಲು ನೋಡಿ ಬಂದಳು. ಕೇಸರಿಬಾತು ಬಂತು. ಮಾತು ಪಕ್ಕಾಗುವವರೆಗೆ ಇಂಥ ಮನೆಯಲ್ಲಿ ತಿನ್ನಬಾರದು ಎಂಬುದು ನಮ್ಮ ಕಡೆಯ ವಾಡಿಕೆ. ಅಕ್ಕ ತಟ್ಟೆ ಮುಟ್ಟಲಿಲ್ಲ. ಅದನ್ನು ಕಂಡು ಮೇಷ್ಟ್ರಮ್ಮನ ಮುಖ ಇನ್ನಷ್ಟು ಗಂಭೀರವಾಯಿತು. ಅಷ್ಟರಲ್ಲಿ ಒಳಗಿನಿಂದ ಇಸ್ತ್ರಿ ಅಂಗಿ ತೊಟ್ಟು, ಮುಖಕ್ಕೆ ಪೌಡರ್ ಹಾಕಿಕೊಂಡು, ಅವರ ಮಗ ಬಂದು ನಮ್ಮೆದುರು ಕೂತು ನೆಲ ನೋಡತೊಡಗಿದರು. ಇಂಜಿನಿಯರ್, ಸರ್ಕಾರಿ ಕೆಲಸ ಎಂದು ತಾಯಿ ಪರಿಚಯಿಸಿದರು.

"ಹುಡುಗಿ ಏನು ಓದಿದಾಳೆ?" ಎಂದರು ಮೇಷ್ಟ್ರಮ್ಮ.

"ಯಾವ ಹುಡುಗಿ?" ಎಂದಳು ಅಕ್ಕ.

ನಾನೇ ನಡುವೆ ಬಾಯಿಹಾಕಿ, "ನಾವು ಬಂದಿರೋದು ಹಡಗಿನ ವಿಷಯಕ್ಕೆ" ಎಂದೆ. ಮೊದಲು ನಕ್ಕದ್ದು ಆ ಇಂಜಿನಿಯರ್. ನಕ್ಕು, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ನಮಗೆಲ್ಲ ಕೈಮುಗಿದು ಒಳಗೆ ಹೋದರು.

"ಹಡಗು ಕೇಳೋಕೆ ಯಾರಾದ್ರೂ ಹೀಗೆ ಬರ್ತಾರೇನ್ರಿ?" ಎಂದರು ಮೇಷ್ಟ್ರಮ್ಮ. "ಬೀದೀಲೆಲ್ಲ ಜನ ಹೇಗೆ, ಜನ ಹೇಗೆ ಅಂತ ಕೇಳ್ಕೊಂಡು? ಇನ್ನು ಆ ಪಕ್ಕದ ಮನೆಯೋಳು ಒಂದು ವಾರ ಮದುವೆ ಯಾವಾಗ ಅಂತ ನನ್ನ ಪ್ರಾಣ ತಿಂತಾಳೆ."

"ತಪ್ಪು ನಮ್ದೇ ಕಣಮ್ಮ. ಅಭ್ಯಾಸ ಬಿಡಲ್ಲ" ಎಂದು ಅಕ್ಕ ಕೇಸರಿಬಾತಿನ ತಟ್ಟೆ ಎತ್ತಿಕೊಂಡಳು. ಸಂಬಂಧವಲ್ಲ ಎಂದಾದ ಮೇಲೆ ತಿನ್ನಲು ಅಡ್ಡಿಯಿರಲಿಲ್ಲ. ಅವಳು ತಿನ್ನುವುದನ್ನು ನೋಡಿ ಮೇಷ್ಟ್ರಮ್ಮನಿಗೂ ನಗು ಬಂತು. ಅಲ್ಲಿಂದ ಅವರು ಬೈಯಲು ಶುರುಮಾಡಿದರು. ನಾನು ಕೇಳಿದ ಬೈಗುಳದಲ್ಲೇ ಅತ್ಯಂತ ಉಪಯುಕ್ತವಾದದ್ದು ಅದು.

"ಸಂಗೀತದ ಹಡಗು ಅಂದ್ರು, ನಾನು ಕಛೇರಿ ಥರ ಇರುತ್ತೆ ಅಂದ್ಕೊಂಡೆ. ಅಲ್ಲಿ ನೋಡಿದ್ರೆ ಒಬ್ರಿಗೂ ಶ್ರುತಿ ಇಲ್ಲ, ತಾಳ ಇಲ್ಲ. ಅರವತ್ತು ಎಪ್ಪತ್ತು ವರ್ಷದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಮೈಕು ಹಿಡ್ಕೊಂಡ್ರೆ ಬಿಡೋದೇ ಇಲ್ಲ. ಹೇಗೆ ಹಾಡಿದ್ರೂ ಚಪ್ಪಾಳೆ. ಮೇಲೆ ಬಯಲು, ಗಾಳಿ ಅಂದ್ರೆ ಗಾಳಿ. ನಾನು ಒಂದು ಕೃತಿ ಎತ್ಕೊಂಡೆ. ನನ್ನ ದನಿ ನನಗೇ ಕೇಳಿಸ್ಲಿಲ್ಲ. ಕಿರುಚೋರಿಗೇ ಅದು ಸರಿ. ಎಂದುಕಮ್ಮಾ ಆ ಗೋಲ?" ಸಿಟ್ಟೇರಿದಾಗ ಅವರಿಗೆ ತೆಲುಗು ನುಗ್ಗುತ್ತಿತ್ತು. ಯಾಕಮ್ಮ ಆ ಗಲಾಟೆ ಎಂದು ಅವರು ಹಣೆ ಒತ್ತಿಕೊಂಡರು.

ಅಕ್ಕ ತಟ್ಟೆ ಕೆಳಗಿಟ್ಟಳು. "ಹಾಡಿದೋರನ್ನ ನೋಡಿ ಯಾರಾದ್ರೂ ನಗ್ತಿದ್ರಾ?" ಎಂದಳು. ದನಿ ಇದ್ದಕ್ಕಿದ್ದಂತೆ ಇಳಿದಿತ್ತು.

"ನಗೋದಾ? ಎಲ್ಲಾ ಕುಣೀತಿದ್ರು. ನಕ್ಕಿದ್ದು ನಾನೊಬ್ಬಳೇ. ಅದನ್ನೂ ಯಾರೂ ತಿರುಗಿ ನೋಡ್ಲಿಲ್ಲ."

ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಳು. ಕೈವಾರದ ದಾರಿ ದಾಟಿದ ಮೇಲೆ ಎಂದು ಕಾಣುತ್ತದೆ, "ಒಪ್ಪಿಗೆ ಕಣೋ" ಎಂದಳು. ನಾನು ಹಡಗಾ, ಹುಡುಗನಾ ಎಂದೆ. "ಹುಡುಗನೂ ಚೆನ್ನಾಗಿದಾನೆ" ಎಂದಳು.

ನನ್ನಲ್ಲಿ ಇನ್ನೊಂದು ಆಕ್ಷೇಪ ಉಳಿದಿತ್ತು. ಅದನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಚಿಕ್ಕಂದಿನಲ್ಲಿ ಒಂದು ವರ್ಷ ನಮ್ಮೂರ ಕೆರೆ ತುಂಬಿದಾಗ ತೆಪ್ಪದಲ್ಲಿ ಹೋದೆವು. ನಡುನೀರಿನಲ್ಲಿ ಅಕ್ಕ ವಾಂತಿ ಮಾಡಿಕೊಂಡು, ತೆಪ್ಪದ ಅಂಚು ಹಿಡಿದು ಅತ್ತಳು. ಅವಳ ಹಸಿರು ಲಂಗ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೆರೆಯ ನೀರು ತಡೆಯದವಳು ಸಮುದ್ರ ತಡೆಯುತ್ತಾಳೆಯೇ? ಇದನ್ನು ಹೇಳಿದಾಗ ಅಕ್ಕ ನನ್ನನ್ನು ಕರುಣೆಯಿಂದ ನೋಡಿದಳು.

"ವಾಂತಿ ಮಾಡಿದ್ದು ನೀನು ಕಣಪ್ಪಾ. ನನ್ನ ಲಂಗದ ಮೇಲೇ ಮಾಡಿದ್ದು. ಅದಕ್ಕೇ ನಿನಗೆ ಲಂಗದ ಬಣ್ಣ ನೆನಪಿರೋದು."

ಇದು ತರ್ಕಬದ್ಧವಾಗಿತ್ತು, ಅದೇ ನನ್ನ ಕಳವಳಕ್ಕೆ ಕಾರಣ. ಇತ್ಯರ್ಥಕ್ಕೆ ಗೌರಿಬಿದನೂರಿಗೆ, ನಮ್ಮ ಚಿಕ್ಕಮ್ಮನ ಮನೆಗೆ ಹೋದೆವು. ಆ ಕಾಲದ ಸಾಕ್ಷಿಯಾಗಿ ಉಳಿದವರು ಅವರೊಬ್ಬರೇ. ಕುಡುಮಲಕುಂಟೆ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ಅವರ ಮಗ ಊಟಕ್ಕೆ ಕೂತಿದ್ದ, ಚಿಕ್ಕಮ್ಮ ಅವನಿಗೆ ಮುದ್ದೆ ಬಡಿಸುತ್ತಾ ನಮ್ಮಿಬ್ಬರ ವಾದವನ್ನೂ ಪೂರ್ತಿ ಕೇಳಿಸಿಕೊಂಡರು.

"ನೀವಿಬ್ಬರೂ ತೆಪ್ಪ ಹತ್ತಿದ್ದು ಯಾವಾಗ?" ಎಂದರು. "ಹತ್ತೋಕೆ ಬಿಟ್ಟೋರು ಯಾರು? ಕಟ್ಟೆ ಮೇಲೆ ನಿಂತು ಇಬ್ಬರೂ ಊರು ಕೇಳೋ ಹಾಗೆ ಅತ್ರಿ, ಕರ್ಕೊಂಡು ಹೋಗಿಲ್ಲ ಅಂತ. ವಾಂತಿ ಮಾಡಿದ್ದು ನಿಮ್ಮಪ್ಪ. ಅದೂ ನೀರಲ್ಲಲ್ಲ, ನಂದಿ ಬೆಟ್ಟದ ಬಸ್ಸಲ್ಲಿ."

ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಸಿರು ಲಂಗ ಎಲ್ಲಿಂದ ಬಂತು ಎಂದು ನಾನು ಕೇಳಿದೆ. "ಆ ಬಣ್ಣದ ಲಂಗ ಇತ್ತಪ್ಪಾ, ಅದು ನನ್ನದು" ಎಂದರು ಚಿಕ್ಕಮ್ಮ. ಅಲ್ಲಿಗೆ ನನ್ನ ಕೊನೆಯ ಆಕ್ಷೇಪ ಮುಳುಗಿತು. ಹಾಡುವವರು ಮುಂಚೆಯೇ ಹೆಸರು ಕೊಡಬೇಕೆಂದು ನಾನು ಎಲ್ಲೋ ಓದಿದ್ದೆ. ಆ ಓದಾದರೂ ನಿಜವೇ ಎಂದು ಫೋನು ಮಾಡಿ ವಿಚಾರಿಸಿದರೆ, ನಿಜವಾಗಿತ್ತು. ಎರಡನೆಯ ಸಂಜೆಗೆ ಅಕ್ಕನ ಹೆಸರು ಕೊಟ್ಟೆ.

ಹಡಗು ಹತ್ತಿದ ಮೊದಲ ಸಂಜೆ ಅಕ್ಕ ಹಾಡುವವರನ್ನು ನೋಡಲಿಲ್ಲ, ಕೇಳುವವರನ್ನು ನೋಡಿದಳು. ಹಿಂದಿನ ಸಾಲಿನಲ್ಲಿ ಕೂತು ಒಬ್ಬೊಬ್ಬರ ಮುಖವನ್ನೂ, ರೇಷ್ಮೆಗೂಡು ಕೊಳ್ಳುವವರು ರಾಶಿಯ ಬುಡಕ್ಕೆ ಕೈಹಾಕಿ ನೋಡುವ ಹಾಗೆ, ತಡಕಿ ನೋಡಿದಳು. ನಾನು ಕೂರಲಾರದೆ ಹಡಗಿನ ಸುತ್ತ ನಡೆದೆ. ನಡೆಯಲು ಅಷ್ಟು ಉದ್ದದ ಮೊಗಸಾಲೆ ಚಿಕ್ಕಬಳ್ಳಾಪುರದ ಯಾವ ಕಚೇರಿಯಲ್ಲೂ ಇಲ್ಲ. ಇಳಿಯಬೇಕೆಂದು ನನಗೆ ಅನಿಸಲೇ ಇಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಇಲ್ಲಿ ಬರೆಯಬೇಕು.

ಎರಡನೆಯ ಸಂಜೆ ವೇಷದ ಸಂಜೆ. ಅಕ್ಕ ಎರಡು ಜಡೆ ಹಾಕಲಿಲ್ಲ. ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು, "ಇದಕ್ಕಿಂತ ಹಳೇದು ನನ್ನ ಹತ್ರ ಇಲ್ಲ" ಎಂದಳು. ಮೇಲಿನ ಅಂತಸ್ತಿನಲ್ಲಿ ಸೂರ್ಯ ಇಳಿಯುತ್ತಿದ್ದ. ಮೇಷ್ಟ್ರಮ್ಮ ಹೇಳಿದ ಗಾಳಿ ಹಾಗೆಯೇ ಇತ್ತು. ಅಕ್ಕನಿಗಿಂತ ಮುಂಚೆ ಒಬ್ಬ ಹಿರಿಯರು ಹಾಡಿದರು. ಬಹಳ ಇಂಪಾದ ದನಿ ಇದ್ದಿರಬೇಕು, ಗಾಳಿ ಅರ್ಧ ತಿಂದುಬಿಟ್ಟಿತು. ಆಮೇಲೆ ಕಾರ್ಯಕ್ರಮ ನಡೆಸುತ್ತಿದ್ದಾಕೆ ಅಕ್ಕನನ್ನು ಕರೆದು, ಯಾವ ಊರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕ "ಶಿಡ್ಲಘಟ್ಟ" ಎಂದಳು. ಸ್ಪೀಕರುಗಳು ಕಿರ್ರೆಂದವು. ಸೌಂಡ್ ಸಿಸ್ಟಮ್ಮಿನ ಹತ್ತಿರವಿದ್ದಾತ ಮೈಕು ದೂರ ಹಿಡಿಯುವಂತೆ ಕೈಸನ್ನೆ ಮಾಡಿದ. ಅಕ್ಕ ದೂರ ಹಿಡಿದಳು. ಇನ್ನೂ ದೂರ ಎಂದ. ತೊಟ್ಟಿಲಿನ ದಿನ ಎಲ್ಲರೂ ನಕ್ಕಾಗ ಅವಳ ಮುಖ ಹೇಗಾಗಿತ್ತೋ ಈಗ ಹಾಗೆಯೇ ಆಗುತ್ತಿತ್ತು. ಮೈಕು ಹಿಡಿದ ಕೈಯನ್ನು ಪೂರ್ತಿ ಕೆಳಗಿಳಿಸಿದಳು. ಕೂತುಬಿಡುತ್ತಾಳೆ ಎಂದುಕೊಂಡೆ.

ಕೂರಲಿಲ್ಲ. ಮೈಕನ್ನು ಪಕ್ಕದ ಕುರ್ಚಿಯ ಮೇಲೆ ಮಲಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಷನ್ನುಗಳ ನಡುವೆ ನಿಲ್ಲುವಂತೆ ಕಾಲು ಅಗಲಿಸಿ ನಿಂತು ಹಾಡಲು ಶುರುಮಾಡಿದಳು. ಮೊದಲು ತೆಲುಗು, ಅದರ ಬೆನ್ನಿಗೇ ಕನ್ನಡ. ಆ ದನಿ ಗಾಳಿಗೆ ಸಿಗಲಿಲ್ಲ. ತುದಿಯ ಸಾಲಿನವರು ತಲೆಯೆತ್ತಿದರು. ಢೋಲಕ್ ಬಾರಿಸುವಾತ ತನ್ನ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು ಗತಿ ಏರಿಸಿದ. ಕೆಳಗಿನ ಅಂತಸ್ತಿನಿಂದ ಜನ ಮೆಟ್ಟಿಲು ಹತ್ತಿ ಬರತೊಡಗಿದರು, ಕೆಲವರ ಕೈಯಲ್ಲಿ ಇನ್ನೂ ಚಹಾ ಲೋಟವಿತ್ತು. ನಾನು ಸಂಶಯದ ಪ್ರಾಣಿ, ನಗುವವರನ್ನು ಹುಡುಕುತ್ತಾ ಮುಖಗಳ ಮೇಲೆ ಕಣ್ಣಾಡಿಸಿದೆ. ಒಬ್ಬಾಕೆ ಸಿಕ್ಕಿದರು. ನಿಜವಾಗಿಯೂ ನಗುತ್ತಿದ್ದರು, ಆದರೆ ಅವರು ಎರಡೂ ಕೈಯೆತ್ತಿ ಕುಣಿಯುತ್ತಲೂ ಇದ್ದರು. ಅವರ ಹಿಂದೆ ಒಂದು ಸಾಲೇ ಎದ್ದು ನಿಂತಿತ್ತು.

ಅಕ್ಕ ಹಾಡಿದ್ದು ಮೂರು ಹಾಡು ಎಂದು ನನ್ನ ಲೆಕ್ಕ. ಅವಳು ನಾಲ್ಕು ಎನ್ನುತ್ತಾಳೆ. ಶಿಡ್ಲಘಟ್ಟಕ್ಕೆ ತೋರಿಸಲು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯಬೇಕೆಂದು ಅಕ್ಕನ ಮಕ್ಕಳು ನನಗೆ ಸಾವಿರ ಸಲ ಹೇಳಿ ಕಳಿಸಿದ್ದರು. ಮೊಬೈಲು ಜೇಬಿನಲ್ಲೇ ಉಳಿಯಿತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆದ್ದರಿಂದ ಆ ಸಂಜೆಗೆ ಈಗ ನನ್ನ ನೆನಪೊಂದೇ ದಾಖಲೆ. ಹಸಿರು ಲಂಗದ ವಿಷಯದಲ್ಲಿ ಮೋಸ ಮಾಡಿದ ನೆನಪು ಅದು, ಬಲ್ಲೆ. ಆದರೂ ಈ ಒಂದಕ್ಕೆ ನಾನು ಯಾವ ಕಟಕಟೆಯಲ್ಲಿ ಬೇಕಾದರೂ ನಿಲ್ಲುತ್ತೇನೆ.

ಮಾರನೆಯ ಬೆಳಿಗ್ಗೆ ಊಟದ ಹಜಾರದಲ್ಲಿ ತಿಂಡಿಗೆ ನಾವು ಕೂತಿದ್ದಾಗ ನಾಲ್ಕೈದು ಹೆಂಗಸರು ನಮ್ಮ ಮೇಜಿಗೆ ಬಂದರು. ವೆಲ್ಲೂರಿನ ಕಡೆಯವರು. ತಮಿಳು, ತೆಲುಗು, ಇಂಗ್ಲಿಷು ಬೆರೆಸಿ ಅವರು ಕೇಳಿದ್ದು ಇಷ್ಟು: ನಿನ್ನೆ ತಮ್ಮ ಅತ್ತೆ ಕೋಣೆಯಲ್ಲಿ ಮಲಗಿದ್ದರಂತೆ, ದನಿ ಅಲ್ಲಿಯವರೆಗೂ ಬಂತಂತೆ, ಈಗ ಅವರನ್ನು ಕರೆದುಕೊಂಡು ಬಂದಿದ್ದಾರೆ, ಒಂದೇ ಒಂದು ಹಾಡು ಇಲ್ಲೇ ಹಾಡಬಹುದೇ? ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಿ ಕೂತು ಅಕ್ಕನನ್ನೇ ನೋಡುತ್ತಿದ್ದರು. ಕಾರ್ಯಕ್ರಮದಾಕೆಯೂ ಬಂದು, ಕೊನೆಯ ಸಂಜೆ ಅಕ್ಕನೇ ಮೊದಲು ಹಾಡಬೇಕೆಂದು ನನ್ನ ಕಿವಿಯಲ್ಲಿ ಹೇಳಿ ಉತ್ತರಕ್ಕಾಗಿ ನಿಂತಳು.

ಅಕ್ಕ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಇಡ್ಲಿಯ ಕಡೆ ತಿರುಗಿ ಚಟ್ನಿ ಹಾಕಿಕೊಂಡಳು.

"ತಿಂಡಿ ಆಗ್ಲಿ, ಹಾಡ್ತಾರೆ ಅಂತ ಹೇಳೋ" ಎಂದಳು ನನಗೆ. "ಕೂತ್ಕೊಳ್ಳೋಕೆ ಹೇಳು ಎಲ್ರಿಗೂ."

ನಾನು ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ನಿಧಾನವಾಗಿ ತಿಂದಳು.